ಬದುಕಿನ ಹೊಗೆ, ಭೋಗದ ಹೊಗೆ: ಹೆನ್ರಿ ಶೂ ಅವರ ನ್ಯಾಯಚಿಂತನೆ



ನೀರು ನಿಂತ ಭತ್ತದ ಗದ್ದೆಯ ಕೆಸರಿನಿಂದ ಮೀಥೇನ್ ಅನಿಲ ಹೊರಡುತ್ತದೆ. ಮೆಲುಕು ಹಾಕುವ ದನದ ಹೊಟ್ಟೆಯಿಂದಲೂ ಅದೇ ಅನಿಲ ಬರುತ್ತದೆ. ದೂರದ ಶ್ರೀಮಂತ ನಗರವೊಂದರಲ್ಲಿ ಒಬ್ಬನೇ ಕುಳಿತು ಓಡಿಸುವ ಭಾರಿ ಕಾರಿನ ಕೊಳವೆಯಿಂದ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇವೆಲ್ಲವೂ ಭೂಮಿಯ ತಾಪವನ್ನು ಏರಿಸುತ್ತವೆ. ವಿಜ್ಞಾನದ ಅಳತೆಗೋಲು ಇವನ್ನು ಒಂದೇ ಮಾನಕ್ಕೆ ತಂದು ಕೂಡಿಸಬಲ್ಲದು. ಅದು ಅದರ ಕೆಲಸ. ಆದರೆ ಯಾರು ಎಷ್ಟು ಕಡಿಮೆ ಮಾಡಬೇಕು ಎಂದು ತೀರ್ಮಾನಿಸುವಾಗಲೂ ಆ ಒಂದೇ ಲೆಕ್ಕ ಸಾಕೇ? ಉಣ್ಣುವ ಅನ್ನಕ್ಕಾಗಿ ಹೊರಬಿದ್ದ ಅನಿಲಕ್ಕೂ ಮೋಜಿಗಾಗಿ ಹೊರಬಿದ್ದ ಅನಿಲಕ್ಕೂ ನ್ಯಾಯದ ತಕ್ಕಡಿಯಲ್ಲಿ ಒಂದೇ ತೂಕವೇ?

ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿ, ಅದಕ್ಕೆ ತರ್ಕಬದ್ಧವಾದ ಉತ್ತರವನ್ನು ಕಟ್ಟಿದವರಲ್ಲಿ ಅಮೆರಿಕದ ತತ್ತ್ವಶಾಸ್ತ್ರಜ್ಞ ಹೆನ್ರಿ ಶೂ ಪ್ರಮುಖರು. ಅವರ ಬದುಕು ಮತ್ತು ವಿಚಾರಗಳೇ ಇಂದಿನ ಮಾತಿನ ವಸ್ತು.

ಗ್ರಂಥಾಲಯದಿಂದ ಸಾರ್ವಜನಿಕ ಪ್ರಶ್ನೆಗಳೆಡೆಗೆ

ಹೆನ್ರಿ ಶೂ ಜನಿಸಿದ್ದು 1940ರಲ್ಲಿ. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ವ್ಯಾಸಂಗ ಮಾಡಿದರು; ಅನಂತರ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಅವರು ಅಧ್ಯಾಪನಕ್ಕೆ ಕಾಲಿಟ್ಟ ದಿನಗಳಲ್ಲಿ ಅಮೆರಿಕವು ವಿಯೆಟ್ನಾಮಿನಲ್ಲಿ ಯುದ್ಧ ನಡೆಸುತ್ತಿತ್ತು. ಅದುವರೆಗೆ ಪದಗಳ ಅರ್ಥವಿಶ್ಲೇಷಣೆಯಲ್ಲೇ ಬಹುಮಟ್ಟಿಗೆ ಮುಳುಗಿದ್ದ ಆಂಗ್ಲ ಭಾಷೆಯ ನೀತಿಶಾಸ್ತ್ರವು ಆಗ ಯುದ್ಧ, ಹಸಿವು, ಅಸಮಾನತೆಗಳಂತಹ ಸಾರ್ವಜನಿಕ ಪ್ರಶ್ನೆಗಳ ಕಡೆಗೆ ಮುಖ ತಿರುಗಿಸಿತು. 1971ರಲ್ಲಿ ಜಾನ್ ರಾಲ್ಸ್ ಅವರ ನ್ಯಾಯಸಿದ್ಧಾಂತದ ಗ್ರಂಥ ಪ್ರಕಟವಾಯಿತು. 1972ರಲ್ಲಿ ಪೀಟರ್ ಸಿಂಗರ್ ಅವರು ಬಂಗಾಳದ ನಿರಾಶ್ರಿತರ ಹಸಿವನ್ನು ಮುಂದಿಟ್ಟುಕೊಂಡು ಉಳ್ಳವರ ಹೊಣೆಯ ಬಗ್ಗೆ ಬರೆದ ಪ್ರಬಂಧ ಹೊರಬಂದಿತು. ಶೂ ಈ ತಲೆಮಾರಿಗೆ ಸೇರಿದವರು.

1976ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಮತ್ತು ಸಾರ್ವಜನಿಕ ನೀತಿಯ ಅಧ್ಯಯನಕ್ಕೆಂದು ಒಂದು ಸಂಸ್ಥೆ ಆರಂಭವಾಯಿತು. ಅದರ ಸ್ಥಾಪಕರಲ್ಲಿ ಶೂ ಒಬ್ಬರು. 1987ರಲ್ಲಿ ಅವರು ಕಾರ್ನೆಲ್ ವಿಶ್ವವಿದ್ಯಾನಿಲಯಕ್ಕೆ ತೆರಳಿ, ಅಲ್ಲಿನ ನೀತಿ ಮತ್ತು ಸಾರ್ವಜನಿಕ ಜೀವನ ಎಂಬ ಅಧ್ಯಯನ ವಿಭಾಗದ ಮೊದಲ ನಿರ್ದೇಶಕರಾದರು. 2002ರಲ್ಲಿ ಆಕ್ಸ್‌ಫರ್ಡ್‌ಗೆ ಮರಳಿ ಮರ್ಟನ್ ಕಾಲೇಜಿನಲ್ಲಿ ಸಂಶೋಧನೆ ಮುಂದುವರಿಸಿದರು. ಅವರ ಬರಹಗಳ ವಸ್ತುಗಳು ಹಲವು: ಹಸಿವು, ಚಿತ್ರಹಿಂಸೆ, ಯುದ್ಧ, ಹವಾಮಾನ. ಮೇಲ್ನೋಟಕ್ಕೆ ಇವು ಬೇರೆ ಬೇರೆ ಎನಿಸಬಹುದು. ಆದರೆ ಎಲ್ಲದರ ಕೆಳಗೂ ಒಂದೇ ಪ್ರಶ್ನೆ ಹರಿಯುತ್ತದೆ. ಯಾವ ಮನುಷ್ಯನನ್ನೂ ಯಾವ ಗೆರೆಗಿಂತ ಕೆಳಗೆ ತಳ್ಳಬಾರದು? ತಳ್ಳದಂತೆ ಕಾಯುವ ಹೊಣೆ ಯಾರದು?

ಬುನಾದಿ ಹಕ್ಕುಗಳು

1977ರಲ್ಲಿ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರು ಮಾನವ ಹಕ್ಕುಗಳನ್ನು ತಮ್ಮ ವಿದೇಶಾಂಗ ನೀತಿಯ ಭಾಗವನ್ನಾಗಿ ಸಾರಿದ್ದರು. ಹಕ್ಕು ಎಂದರೆ ವಾಕ್ ಸ್ವಾತಂತ್ರ್ಯ, ಮತದಾನ, ನ್ಯಾಯಯುತ ವಿಚಾರಣೆ ಇಷ್ಟೇ ಎಂಬುದು ಆಗ ಅಲ್ಲಿ ಹಲವರ ನಿಲುವಾಗಿತ್ತು. ಅನ್ನ, ನೀರು, ವಸತಿಗಳು ಒಳ್ಳೆಯ ಆಶಯಗಳೇ ಹೊರತು ಹಕ್ಕುಗಳಲ್ಲ ಎಂದು ಅವರು ವಾದಿಸುತ್ತಿದ್ದರು. 1980ರಲ್ಲಿ ಪ್ರಕಟವಾದ ‘ಬೇಸಿಕ್ ರೈಟ್ಸ್’ ಎಂಬ ಗ್ರಂಥದಲ್ಲಿ ಶೂ ಈ ನಿಲುವನ್ನು ಬುಡದಿಂದ ಅಲುಗಿಸಿದರು. ಭಾರತದ ಸಂವಿಧಾನದಲ್ಲಿ ಮೂಲಭೂತ ಹಕ್ಕು ಎಂಬ ಮಾತಿಗೆ ಪ್ರತ್ಯೇಕವಾದ ಕಾನೂನಿನ ಅರ್ಥವಿರುವುದರಿಂದ, ಶೂ ಅವರ ಪರಿಕಲ್ಪನೆಯನ್ನು ಬುನಾದಿ ಹಕ್ಕು ಎಂದು ಕರೆಯುವುದು ಅನುಕೂಲ.

ಬುನಾದಿ ಹಕ್ಕು ಎಂದರೇನು? ಯಾವ ಹಕ್ಕು ಇಲ್ಲದಿದ್ದರೆ ಬೇರಾವ ಹಕ್ಕನ್ನೂ ಅನುಭವಿಸಲಾಗದೋ ಅದು ಬುನಾದಿ ಹಕ್ಕು. ಸಭೆ ಸೇರುವ ಹಕ್ಕು ಕಾಗದದ ಮೇಲಿದೆ ಎನ್ನೋಣ. ಸಭೆಗೆ ಹೋದರೆ ಹೊಡೆತ ಬೀಳುತ್ತದೆ ಎಂಬ ಭಯವಿದ್ದರೆ ಆ ಹಕ್ಕಿಗೆ ಬೆಲೆಯಿಲ್ಲ. ಸಭೆಗೆ ಹೋದರೆ ನಾಳೆಯ ಕೂಲಿ ತಪ್ಪಿ ಮಕ್ಕಳು ಉಪವಾಸ ಬೀಳುತ್ತಾರೆ ಎಂಬ ಭಯವಿದ್ದರೂ ಅದಕ್ಕೆ ಬೆಲೆಯಿಲ್ಲ. ಮೊದಲನೆಯದು ದೇಹದ ಸುರಕ್ಷತೆಯ ಪ್ರಶ್ನೆ, ಎರಡನೆಯದು ಜೀವನಾಧಾರದ ಪ್ರಶ್ನೆ. ಇವೆರಡೂ ಒಂದೇ ಕಾರಣಕ್ಕಾಗಿ ಬುನಾದಿಯವು ಎಂಬುದು ಶೂ ಅವರ ವಾದ. ಒಂದನ್ನು ಒಪ್ಪುವವರು ಇನ್ನೊಂದನ್ನು ನಿರಾಕರಿಸುವಂತಿಲ್ಲ.

ಜೀವನಾಧಾರ ಎಂಬ ಮಾತಿನಲ್ಲಿ ಅವರು ಆಹಾರ, ಬಟ್ಟೆ, ಸೂರು, ಕನಿಷ್ಠ ಆರೋಗ್ಯ ರಕ್ಷಣೆಗಳ ಜೊತೆಗೆ ಮಲಿನವಾಗದ ಗಾಳಿಯನ್ನೂ ನೀರನ್ನೂ ಸೇರಿಸಿದ್ದರು. ಪರಿಸರವನ್ನು ಉಳ್ಳವರ ಹವ್ಯಾಸವೆಂದು ಹಲವರು ತಿಳಿದಿದ್ದ 1980ರಷ್ಟು ಹಿಂದೆಯೇ ಗಾಳಿ ನೀರುಗಳು ಅನ್ನದ ಪಂಕ್ತಿಯಲ್ಲಿ ಕುಳಿತಿದ್ದವು ಎಂಬುದು ಗಮನಾರ್ಹ.

ಇದಕ್ಕೆ ಎದುರಾಗಿ ಒಂದು ಆಕ್ಷೇಪವಿತ್ತು. ಹೊಡೆಯದಿರುವುದಕ್ಕೆ ಖರ್ಚಿಲ್ಲ, ಸುಮ್ಮನಿದ್ದರೆ ಸಾಕು. ಆದರೆ ಉಣಿಸುವುದಕ್ಕೆ ಖರ್ಚಿದೆ. ಆದ್ದರಿಂದ ಮೊದಲನೆಯದು ಮಾತ್ರ ನಿಜವಾದ ಹಕ್ಕು ಎಂಬುದು ಆ ಆಕ್ಷೇಪ. ಶೂ ನೀಡಿದ ಉತ್ತರ ಎರಡು ಬಗೆಯದು. ದೇಹದ ಸುರಕ್ಷತೆಗೆ ಪೊಲೀಸರು, ನ್ಯಾಯಾಲಯ, ಸೆರೆಮನೆ, ಇವೆಲ್ಲವನ್ನೂ ನಡೆಸಲು ತೆರಿಗೆ ಬೇಕು. ಅದು ಪುಕ್ಕಟೆಯ ಹಕ್ಕಲ್ಲ. ಇನ್ನೊಂದೆಡೆ, ಜೀವನಾಧಾರದ ಹಕ್ಕಿಗೆ ಎಷ್ಟೋ ಸಲ ಯಾರೂ ಏನನ್ನೂ ಕೊಡಬೇಕಾಗಿಲ್ಲ. ತನ್ನ ಅನ್ನವನ್ನು ತಾನೇ ಬೆಳೆದುಕೊಳ್ಳುತ್ತಿರುವವನ ನೆಲವನ್ನೂ ನೀರನ್ನೂ ಕಸಿದುಕೊಳ್ಳದಿದ್ದರೆ ಅಷ್ಟೇ ಸಾಕು. ಗುಡ್ಡಗಾಡಿನ ಜನರಿಗೆ ಈ ಎರಡನೆಯ ಉತ್ತರದ ಸತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೂವಿನ ಒಪ್ಪಂದದ ಕಥೆ

ಆ ಗ್ರಂಥದಲ್ಲಿ ಶೂ ಒಂದು ಕಲ್ಪಿತ ಹಳ್ಳಿಯ ಕಥೆ ಹೇಳುತ್ತಾರೆ. ಬಡ ದೇಶವೊಂದರ ಆ ಹಳ್ಳಿಯಲ್ಲಿ ಬೀನ್ಸ್ ಜಾತಿಯ ಕಪ್ಪು ಕಾಳೇ ಜನರ ಮುಖ್ಯ ಆಹಾರ. ಊರಿನ ದೊಡ್ಡ ಹಿಡುವಳಿದಾರನು ತಲೆಮಾರುಗಳಿಂದ ಅದನ್ನೇ ಬೆಳೆಯುತ್ತಿದ್ದಾನೆ. ಊರಿನ ಸಂತೆಗೆ ಬರುವ ಕಾಳಿನಲ್ಲಿ ಕಾಲು ಭಾಗ ಅವನ ಹೊಲದ್ದು. ಅವನೇನೂ ಮಹಾ ಶ್ರೀಮಂತನಲ್ಲ. ಹಂಗಾಮಿನಲ್ಲಿ ಅವನು ಆರು ಜನರಿಗೆ ಕೂಲಿ ಕೊಡುತ್ತಾನೆ. ಊರಿನಲ್ಲಿ ಬೇರೆ ಕೂಲಿಯೇ ಇಲ್ಲ. ಒಂದು ದಿನ ರಾಜಧಾನಿಯಿಂದ ಬಂದವನೊಬ್ಬ ಅವನ ಮುಂದೆ ಹತ್ತು ವರ್ಷಗಳ ಒಪ್ಪಂದವನ್ನಿಡುತ್ತಾನೆ. ಕಾಳಿನ ಬದಲು ರಫ್ತಿಗಾಗಿ ಹೂ ಬೆಳೆಯಬೇಕು; ಗೇಣಿಯೂ ನಿಶ್ಚಿತ, ಸಂಬಳವೂ ನಿಶ್ಚಿತ; ಯಂತ್ರಗಳನ್ನು ಕಂತಿನ ಮೇಲೆ ಕೊಂಡರೆ ಇಬ್ಬರು ಆಳುಗಳು ಸಾಕು. ಅವನು ಒಪ್ಪುತ್ತಾನೆ. ಸುತ್ತಲಿನ ದೊಡ್ಡ ಹಿಡುವಳಿದಾರರಲ್ಲಿ ಬಹುಮಂದಿ ಒಪ್ಪುತ್ತಾರೆ. ಕಾಳಿನ ಬೆಲೆ ಗಗನಕ್ಕೇರುತ್ತದೆ. ಕೂಲಿ ಕಳೆದುಕೊಂಡ ನಾಲ್ಕು ಮನೆಗಳ ಮಕ್ಕಳು ತೀವ್ರವಾದ ಅಪೌಷ್ಟಿಕತೆಗೆ ತುತ್ತಾಗುತ್ತಾರೆ.

ಈ ಕಥೆಯಲ್ಲಿ ಖಳನಾಯಕನಿಲ್ಲ. ಯಾರೂ ಯಾರ ಮನೆಯನ್ನೂ ದೋಚಲಿಲ್ಲ, ಯಾವ ಕಾನೂನನ್ನೂ ಮುರಿಯಲಿಲ್ಲ. ಬರ ಬರಲಿಲ್ಲ, ನೆರೆ ಬರಲಿಲ್ಲ. ಆದರೂ ಮಕ್ಕಳು ಬಡವಾದರು. ಹಸಿವು ಅನೇಕ ವೇಳೆ ಪ್ರಕೃತಿಯ ವಿಕೋಪವಲ್ಲ, ಮನುಷ್ಯರು ಮಾಡಿಕೊಂಡ ಏರ್ಪಾಡುಗಳ ಫಲ ಎಂಬುದನ್ನು ಕಥೆ ತೋರಿಸುತ್ತದೆ. ಅಂತಹ ಒಪ್ಪಂದಗಳಿಗೆ ಮಿತಿ ಹಾಕುವ, ಕೆಲಸ ಕಳೆದುಕೊಂಡವರನ್ನು ಕಾಯುವ ವ್ಯವಸ್ಥೆ ಇರಬೇಕಾಗಿತ್ತು. ಅದು ಇಲ್ಲದಿದ್ದುದೇ ಅಲ್ಲಿ ನಡೆದ ಹಕ್ಕುಭಂಗ. ಅಂಥ ವ್ಯವಸ್ಥೆಯನ್ನು ಕಟ್ಟುವುದು ಹೂ ಬೆಳೆದವನೊಬ್ಬನ ಶಕ್ತಿಗೆ ಮೀರಿದ್ದು; ಅದು ಸಮಾಜದ, ಸರ್ಕಾರದ ಹೊಣೆ.

ಇಲ್ಲಿಂದ ಶೂ ತಮ್ಮ ಪ್ರಸಿದ್ಧ ಸೂತ್ರಕ್ಕೆ ಬರುತ್ತಾರೆ. ಪ್ರತಿಯೊಂದು ಬುನಾದಿ ಹಕ್ಕಿಗೂ ಮೂರು ಕರ್ತವ್ಯಗಳು ಅಂಟಿಕೊಂಡಿವೆ. ಒಂದು, ಇನ್ನೊಬ್ಬರ ಜೀವನಾಧಾರವನ್ನು ಕಿತ್ತುಕೊಳ್ಳದಿರುವುದು. ಎರಡು, ಬೇರೆಯವರು ಕಿತ್ತುಕೊಳ್ಳದಂತೆ ಕಾಪಾಡುವುದು. ಮೂರು, ಈಗಾಗಲೇ ಕಳೆದುಕೊಂಡವರಿಗೆ ನೆರವಾಗುವುದು. ಮೊದಲ ಎರಡನ್ನು ಸರಿಯಾಗಿ ಪಾಲಿಸಿದರೆ ಮೂರನೆಯದರ ಭಾರ ತಾನಾಗಿ ಇಳಿಯುತ್ತದೆ. ಕಿತ್ತುಕೊಳ್ಳುವುದನ್ನು ತಡೆಯದೆ ಆಮೇಲೆ ಪರಿಹಾರ ಹಂಚುವುದು ಧರ್ಮದ ವೇಷ ಹಾಕಿದ ಅಧರ್ಮವಾಗುತ್ತದೆ.

ಈ ಸೂತ್ರ ಪುಸ್ತಕದಲ್ಲೇ ಉಳಿಯಲಿಲ್ಲ. 1987ರಲ್ಲಿ ವಿಶ್ವಸಂಸ್ಥೆಗಾಗಿ ಆಹಾರದ ಹಕ್ಕಿನ ವರದಿ ಸಿದ್ಧಪಡಿಸಿದ ನಾರ್ವೆಯ ಅಸ್ಬ್ಯೋರ್ನ್ ಐಡೆ ಅವರು ಇದೇ ಬಗೆಯ ತ್ರಿವಿಧ ಹೊಣೆಯನ್ನು ಬಳಸಿದರು. 1999ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಸಮಿತಿಯು ಆಹಾರದ ಹಕ್ಕನ್ನು ವಿವರಿಸುವಾಗ ಸರ್ಕಾರಗಳಿಗೆ ಮೂರು ಹೊಣೆಗಳನ್ನು ವಿಧಿಸಿತು: ಹಕ್ಕನ್ನು ಗೌರವಿಸಬೇಕು, ಕಾಪಾಡಬೇಕು, ಈಡೇರಿಸಬೇಕು. ತತ್ತ್ವಜ್ಞನೊಬ್ಬನ ವಿಂಗಡಣೆಯು ಅಂತರರಾಷ್ಟ್ರೀಯ ಕಾನೂನಿನ ಮಾತಾದ ಅಪರೂಪದ ನಿದರ್ಶನವಿದು.

ಕಲ್ಪಿತ ಉದಾಹರಣೆಗಳ ಅಪಾಯ

ಶೂ ಅವರ ಇನ್ನೊಂದು ಕೊಡುಗೆ ಚಿತ್ರಹಿಂಸೆಯ ಕುರಿತದ್ದು. 1978ರಲ್ಲಿ ಬರೆದ ಪ್ರಬಂಧದಲ್ಲಿ, ಚಿತ್ರಹಿಂಸೆಯ ವಿಶೇಷವಾದ ಕೇಡು ಯಾವುದೆಂದರೆ ತನ್ನನ್ನು ರಕ್ಷಿಸಿಕೊಳ್ಳಲಾಗದವನ ಮೇಲೆ ಅದು ಎಸಗುವ ದಾಳಿ ಎಂದು ಅವರು ತೋರಿಸಿದರು. ಆದರೂ ನಗರದಲ್ಲಿ ಬಾಂಬು ಟಿಕ್ ಟಿಕ್ ಎನ್ನುತ್ತಿರುವ, ಹಿಡಿದವನಿಗೇ ಅದರ ಸುಳಿವು ಗೊತ್ತಿರುವ ಕಲ್ಪಿತ ಸನ್ನಿವೇಶವೊಂದಕ್ಕೆ ಆಗ ಅವರು ಬಹಳ ಕಿರಿದಾದ ಎಡೆ ಬಿಟ್ಟಿದ್ದರು. 2001ರ ಸೆಪ್ಟೆಂಬರ್ ದಾಳಿಯ ಬಳಿಕ ಅಮೆರಿಕದಲ್ಲಿ ಅದೇ ಕಲ್ಪಿತ ಬಾಂಬಿನ ನೆಪ ಹೇಳಿ ಚಿತ್ರಹಿಂಸೆಯನ್ನು ಸಮರ್ಥಿಸುವ ಮಾತುಗಳು ಕೇಳಿಬಂದಾಗ ಶೂ ಆ ಎಡೆಯನ್ನು ಮುಚ್ಚಿದರು. ಕಲ್ಪನೆಯಲ್ಲಿ ಹಿಡಿದವನು ತಪ್ಪಿತಸ್ಥನೇ ಆಗಿರುತ್ತಾನೆ, ಅವನು ಸಕಾಲಕ್ಕೆ ನಿಜವನ್ನೇ ಹೇಳುತ್ತಾನೆ, ಹಿಂಸೆ ಆ ಒಂದು ಸಲಕ್ಕೇ ಮುಗಿಯುತ್ತದೆ. ವಾಸ್ತವದಲ್ಲಿ ಚಿತ್ರಹಿಂಸೆಗೆ ತರಬೇತಿ ಬೇಕು, ಇಲಾಖೆ ಬೇಕು. ಒಮ್ಮೆ ಹುಟ್ಟಿದ ಇಲಾಖೆ ಬೆಳೆಯುತ್ತಲೇ ಹೋಗುತ್ತದೆ. ಕನಸಿನ ಲೋಕದ ಉದಾಹರಣೆಯಿಂದ ಎಚ್ಚರದ ಲೋಕದ ನೀತಿಯನ್ನು ರೂಪಿಸಬಾರದು ಎಂಬ ಪಾಠ ಇಲ್ಲಿದೆ. ಹವಾಮಾನದ ವಿಷಯದಲ್ಲೂ ಈ ಪಾಠ ಬೇಕಾಗುತ್ತದೆ.

ಎರಡು ಬಗೆಯ ಹೊಗೆ

1992ರಲ್ಲಿ ರಿಯೊ ಡಿ ಜನೈರೊ ನಗರದಲ್ಲಿ ನಡೆದ ಭೂಶೃಂಗಸಭೆಯಲ್ಲಿ ಹವಾಮಾನ ಬದಲಾವಣೆಯ ಒಡಂಬಡಿಕೆಗೆ ರಾಷ್ಟ್ರಗಳು ಸಹಿ ಹಾಕಿದವು. ಅದಕ್ಕೂ ಮುನ್ನವೇ ಲೆಕ್ಕದ ಜಗಳ ಆರಂಭವಾಗಿತ್ತು. ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ರಾಷ್ಟ್ರವಾರು ಲೆಕ್ಕ ಹಾಕಿ ಭಾರತ, ಚೀನಾ, ಬ್ರೆಜಿಲ್‌ಗಳನ್ನೂ ದೊಡ್ಡ ಹೊಣೆಗಾರರ ಸಾಲಿನಲ್ಲಿ ನಿಲ್ಲಿಸಿತ್ತು. 1991ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಅವರು ಒಂದು ಕಿರುಹೊತ್ತಗೆಯ ಮೂಲಕ ಅದನ್ನು ಪ್ರತಿಭಟಿಸಿದರು. ಬಡ ರೈತನ ಗದ್ದೆ ಮತ್ತು ದನಗಳಿಂದ ಬರುವ ಮೀಥೇನನ್ನು ಶ್ರೀಮಂತ ದೇಶಗಳ ಕಾರುಗಳ ಹೊಗೆಯೊಂದಿಗೆ ಸಮನಾಗಿ ತೂಗುವುದು ಪರಿಸರದ ಹೆಸರಿನ ವಸಾಹತುಶಾಹಿ ಎಂದು ಅವರು ಖಂಡಿಸಿದರು.

1993ರಲ್ಲಿ ಶೂ ಅದೇ ನೆಲೆಯ ಪ್ರಶ್ನೆಯನ್ನು ತತ್ತ್ವಶಾಸ್ತ್ರದ ಪರಿಭಾಷೆಯಲ್ಲಿ ಚರ್ಚಿಸಿದ ಪ್ರಬಂಧವನ್ನು ಪ್ರಕಟಿಸಿದರು. ಅದರ ಶೀರ್ಷಿಕೆಯಲ್ಲೇ ಎರಡು ಬಗೆಯ ಹೊರಸೂಸುವಿಕೆಗಳ ವಿಂಗಡಣೆಯಿದೆ: ಜೀವನಾಧಾರಕ್ಕೆ ಅನಿವಾರ್ಯವಾದದ್ದು ಮತ್ತು ಭೋಗಕ್ಕೆ ಸೇರಿದ್ದು. ಬದುಕಿನ ಹೊಗೆ, ಭೋಗದ ಹೊಗೆ ಎಂದು ಅದನ್ನು ಕನ್ನಡದಲ್ಲಿ ಹೇಳಬಹುದು. ಅರ್ಥಶಾಸ್ತ್ರದ ಲೆಕ್ಕಾಚಾರವು ಎಲ್ಲಿ ಅಗ್ಗವೋ ಅಲ್ಲಿ ಮೊದಲು ಕಡಿಮೆ ಮಾಡಿ ಎನ್ನುತ್ತದೆ. ಆದರೆ ಅಗ್ಗವೆಂಬ ಒಂದೇ ಕಾರಣಕ್ಕೆ ಬಡವನ ಗದ್ದೆಗೆ ಕೈಹಾಕಿ ಉಳ್ಳವನ ಮೋಜನ್ನು ಹಾಗೆಯೇ ಬಿಟ್ಟರೆ, ಒಬ್ಬನ ಅಗತ್ಯವನ್ನು ಬಲಿಕೊಟ್ಟು ಇನ್ನೊಬ್ಬನ ಬಯಕೆಯನ್ನು ಉಳಿಸಿದಂತಾಗುತ್ತದೆ. ಎಷ್ಟು ಹೊಗೆ ಎಂದು ಕೇಳುವ ಮೊದಲು ಯಾತಕ್ಕಾಗಿ ಹೊಗೆ ಎಂದು ಕೇಳಬೇಕೆಂಬುದು ಈ ವಿಂಗಡಣೆಯ ಸಾರ.

1999ರ ಮತ್ತೊಂದು ಪ್ರಬಂಧದಲ್ಲಿ ಅವರು ಹೊಣೆ ಹಂಚುವ ಮೂರು ನ್ಯಾಯಗಳನ್ನು ಪರಿಶೀಲಿಸಿದರು. ತನ್ನ ಲಾಭಕ್ಕಾಗಿ ಕೆಡಿಸಿದವನು ಸರಿಪಡಿಸುವ ಹೊರೆಯನ್ನು ಹೆಚ್ಚಾಗಿ ಹೊರಬೇಕು. ಶಕ್ತಿ ಹೆಚ್ಚಿರುವವನು ಹೆಚ್ಚು ಕೊಡಬೇಕು. ಕನಿಷ್ಠ ಮಟ್ಟದ ಬದುಕೂ ಇಲ್ಲದವನಿಂದ ಅದನ್ನೂ ಕಿತ್ತುಕೊಳ್ಳಬಾರದು. ಇವುಗಳಲ್ಲಿ ಯಾವುದನ್ನು ಅನುಸರಿಸಿದರೂ ಮೊದಲ ಹೊಣೆ ಶ್ರೀಮಂತ ಕೈಗಾರಿಕಾ ರಾಷ್ಟ್ರಗಳದ್ದೇ ಎಂಬ ಒಂದೇ ತೀರ್ಮಾನಕ್ಕೆ ಬರಬೇಕಾಗುತ್ತದೆ ಎಂಬುದು ಅವರ ವಾದದ ಬಲ.

ಹೊಗೆಯ ಹಕ್ಕಲ್ಲ, ಬೆಳಕಿನ ಹಕ್ಕು

ಇಷ್ಟಕ್ಕೇ ನಿಂತಿದ್ದರೆ ಬಡವರಿಗೆ ಹೊಗೆ ಬಿಡುವ ಹಕ್ಕಿದೆ ಎಂಬ ಸರಳ ಘೋಷಣೆಯಾಗಿ ಈ ಚಿಂತನೆ ಮುಗಿಯುತ್ತಿತ್ತು. ಶೂ ಮುಂದೆ ನಡೆದರು. 2009ರ ಸುಮಾರಿಗೆ ವಿಜ್ಞಾನಿಗಳು ಒಂದು ಮಹತ್ವದ ಅಂಶವನ್ನು ಖಚಿತಪಡಿಸಿದರು. ಭೂಮಿ ಎಷ್ಟು ಬಿಸಿಯಾಗುತ್ತದೆ ಎಂಬುದು ಯಾವುದೋ ಒಂದು ವರ್ಷದ ಹೊಗೆಯನ್ನಲ್ಲ, ಕೈಗಾರಿಕೆಗಳು ಹುಟ್ಟಿದಂದಿನಿಂದ ಸೇರುತ್ತ ಬಂದಿರುವ ಒಟ್ಟು ಇಂಗಾಲದ ಡೈಆಕ್ಸೈಡನ್ನು ಅವಲಂಬಿಸಿದೆ. ತಾಪವನ್ನು ಯಾವುದೇ ಮಟ್ಟದಲ್ಲಿ ನಿಲ್ಲಿಸಬೇಕಾದರೂ ಒಟ್ಟು ಮೊತ್ತಕ್ಕೆ ಮಿತಿಯಿದೆ. ಒಂದೇ ಕಣಜದಿಂದ ಎಲ್ಲರೂ ಉಣ್ಣಬೇಕಾದಾಗ ಒಬ್ಬನು ಅಳೆದುಕೊಂಡ ಪ್ರತಿಯೊಂದು ಸೇರೂ ಇನ್ನೊಬ್ಬನ ಪಾಲಿನಿಂದ ಹೋದದ್ದೇ. ಹಾಗಾದರೆ ಇನ್ನೂ ವಿದ್ಯುತ್ತನ್ನೇ ಕಾಣದ ಮನೆಗಳ ಗತಿಯೇನು?

ಮನುಷ್ಯನಿಗೆ ಬೇಕಾಗಿರುವುದು ಹೊಗೆಯಲ್ಲ, ಶಕ್ತಿ ಎಂಬುದು ಶೂ ಅವರ ಉತ್ತರ. ಅಡುಗೆಯ ಉರಿ, ದೀಪದ ಬೆಳಕು, ನೀರೆತ್ತುವ ಪಂಪು ಇವು ಜೀವನಾಧಾರ. ಕಲ್ಲಿದ್ದಲು, ಪೆಟ್ರೋಲುಗಳಿಂದಲೇ ಶಕ್ತಿ ಅಗ್ಗವಾಗಿ ದೊರೆಯುವಂತೆ ಜಗತ್ತನ್ನು ಕಟ್ಟಿರುವುದರಿಂದ ಬಡವನ ಅಗತ್ಯವೂ ಹೊಗೆಗೆ ಕಟ್ಟುಬಿದ್ದಿದೆ. ಆ ಕಟ್ಟನ್ನು ಬಿಚ್ಚಬೇಕು. ಸೂರ್ಯ ಮತ್ತು ಗಾಳಿಗಳ ಶಕ್ತಿಯನ್ನು ಕಡುಬಡವನೂ ಕೊಳ್ಳಬಲ್ಲ ಬೆಲೆಗೆ ತರುವುದು ಶ್ರೀಮಂತ ದೇಶಗಳ ಕರ್ತವ್ಯ, ಅದು ದಾನವಲ್ಲ. ಬುನಾದಿ ಹಕ್ಕುಗಳಿಗೆ ಅಂಟಿದ ಮೂರು ಕರ್ತವ್ಯಗಳೇ ಇಲ್ಲಿ ಮರಳಿ ಬಂದಿವೆ. 2014ರಲ್ಲಿ ಪ್ರಕಟವಾದ ‘ಕ್ಲೈಮೇಟ್ ಜಸ್ಟಿಸ್’ ಎಂಬ ಸಂಪುಟದಲ್ಲಿ ಅವರ ಈ ಬಗೆಯ ಪ್ರಬಂಧಗಳು ಒಟ್ಟುಗೂಡಿವೆ.

2021ರ ‘ದಿ ಪಿವಟಲ್ ಜನರೇಷನ್’ ಎಂಬ ಗ್ರಂಥದಲ್ಲಿ ಶೂ ಕಾಲದ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಈಗ ಬದುಕಿರುವ ತಲೆಮಾರಿಗೆ ಅಪಾಯದ ಅರಿವೂ ಇದೆ, ಅದನ್ನು ತಡೆಯುವ ಉಪಾಯವೂ ಇದೆ, ಇನ್ನೂ ಸ್ವಲ್ಪ ಸಮಯವೂ ಇದೆ. ಹಿಂದಿನವರಿಗೆ ಅರಿವಿರಲಿಲ್ಲ, ಮುಂದಿನವರಿಗೆ ಸಮಯ ಉಳಿದಿರದೆ ಹೋಗಬಹುದು. ಹಿಮದ ಬೃಹತ್ ಹಾಸುಗಳು ಒಮ್ಮೆ ಕುಸಿಯತೊಡಗಿದರೆ ಯಾವ ಒಪ್ಪಂದವೂ ಅವನ್ನು ಮರಳಿ ನಿಲ್ಲಿಸಲಾರದು. ಇಂದು ಹೊಗೆ ಬಿಟ್ಟು, ಮುಂದೆ ಎಂದಾದರೂ ಯಂತ್ರಗಳಿಂದ ಗಾಳಿಯ ಇಂಗಾಲವನ್ನು ಹೀರಿಕೊಳ್ಳೋಣ ಎಂಬ ಯೋಜನೆಗಳನ್ನು ಅವರು ತೀಕ್ಷ್ಣವಾಗಿ ಪ್ರಶ್ನಿಸುತ್ತಾರೆ. ಯಂತ್ರ ಅಷ್ಟು ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡದಿದ್ದರೆ ಅದರ ಕಷ್ಟವನ್ನು ಉಣ್ಣುವವರು ಇನ್ನೂ ಹುಟ್ಟದ ಮಕ್ಕಳು. ಚಿತ್ರಹಿಂಸೆಯ ಚರ್ಚೆಯ ಕಲ್ಪಿತ ಬಾಂಬಿನಂತೆ ಈ ಭಾವೀ ಯಂತ್ರವೂ ಇಂದಿನ ತಪ್ಪಿಗೆ ನೆಪವಾಗುವ ಅಪಾಯವಿದೆ.

ಈ ಚಿಂತನೆಯಿಂದ ಕಲಿಯಬೇಕಾದದ್ದು

ಗದ್ದೆ, ದನ, ಸೌದೆಯ ಒಲೆಗಳ ನಡುವೆ ಬದುಕುವ ಜನರ ಪರವಾಗಿ ಶೂ ಅವರ ತತ್ತ್ವ ನಿಲ್ಲುತ್ತದೆ ಎಂದು ಸಂತೋಷಪಡುವುದು ಸುಲಭ. ಆದರೆ ಆ ತತ್ತ್ವ ದೇಶಗಳ ಗಡಿಯಲ್ಲಿ ನಿಲ್ಲುವುದಿಲ್ಲ. ಪ್ರತಿಯೊಂದು ದೇಶದ, ಪ್ರತಿಯೊಂದು ಊರಿನ ಒಳಗೂ ಬರುತ್ತದೆ. 2007ರಲ್ಲಿ ಗ್ರೀನ್‌ಪೀಸ್ ಇಂಡಿಯಾ ಸಂಸ್ಥೆಯು ಪ್ರಕಟಿಸಿದ ವರದಿಯೊಂದು ಇದನ್ನೇ ಹೇಳಿತ್ತು. ತಲಾ ಲೆಕ್ಕದಲ್ಲಿ ಭಾರತದ ಹೊಗೆ ಕಡಿಮೆ ಎಂಬ ವಾದದ ಮರೆಯಲ್ಲಿ ದೇಶದ ಸಿರಿವಂತರು ಬಡವರ ಬೆನ್ನ ಹಿಂದೆ ಅವಿತುಕೊಂಡಿದ್ದಾರೆ ಎಂಬುದು ಅದರ ಆರೋಪ. ಬಡವನ ಸೌದೆ ಒಲೆಯನ್ನು ತೋರಿಸಿ ನಗರದ ಹವಾನಿಯಂತ್ರಿತ ಮಹಲನ್ನು ಸಮರ್ಥಿಸಿಕೊಳ್ಳುವುದು ನ್ಯಾಯವಲ್ಲ. ಹಾಗೆಯೇ, ಬದುಕಿನ ಹೊಗೆಗೆ ವಿನಾಯಿತಿ ಇದೆ ಎಂದ ಮಾತ್ರಕ್ಕೆ ಹೊಗೆ ತುಂಬಿದ ಅಡುಗೆಮನೆಯಲ್ಲಿ ಹೆಂಗಸರು ಕೆಮ್ಮುತ್ತಲೇ ಇರಬೇಕೆಂದು ಅರ್ಥವಲ್ಲ. ಅವರಿಗೆ ಸಲ್ಲಬೇಕಾದದ್ದು ವಿನಾಯಿತಿಯಲ್ಲ, ಶುದ್ಧವಾದ ಉರಿ.

ವಿದ್ಯಾರ್ಥಿ ಮಿತ್ರರು ಶೂ ಅವರಿಂದ ಕಲಿಯಬೇಕಾದದ್ದು ಪ್ರಶ್ನೆ ಕೇಳುವ ಕ್ರಮವನ್ನು. ಯಾವುದೇ ಯೋಜನೆ ಬೆಟ್ಟ ಹತ್ತಿ ಬರಲಿ, ಅದು ಅಣೆಕಟ್ಟಾಗಲಿ, ರಸ್ತೆಯಾಗಲಿ, ಪರಿಸರದ ಹೆಸರನ್ನೇ ಹೊತ್ತು ಬಂದ ಗಾಳಿಯಂತ್ರವಾಗಲಿ, ಅದರ ಮುಂದೆ ಅದೇ ಸರಳ ಪ್ರಶ್ನೆಗಳನ್ನಿಡಬೇಕು. ಇದರಿಂದ ಯಾರ ಬದುಕಿನ ಬುನಾದಿ ಅಲುಗುತ್ತದೆ? ಯಾರ ಅಗತ್ಯ ಈಡೇರುತ್ತದೆ, ಯಾರ ಬಯಕೆ ಮಾತ್ರ ಈಡೇರುತ್ತದೆ? ಕಳೆದುಕೊಳ್ಳುವವರನ್ನು ಕಾಯುವ ಏರ್ಪಾಡು ಮೊದಲೇ ಇದೆಯೇ, ಅಥವಾ ಎಲ್ಲ ಮುಗಿದ ಮೇಲೆ ಪರಿಹಾರದ ಚೀಟಿ ಬರುತ್ತದೆಯೇ?

ಇವು ದೊಡ್ಡ ವಿಶ್ವವಿದ್ಯಾನಿಲಯಗಳಿಗೆ ಮಾತ್ರ ಮೀಸಲಾದ ಪ್ರಶ್ನೆಗಳಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು, ಅಚ್ಚ ಕನ್ನಡದಲ್ಲಿ, ಯಾರೂ ಕೇಳಬಹುದಾದ ಪ್ರಶ್ನೆಗಳು. ಅವುಗಳಿಗೆ ಉತ್ತರ ಕೇಳಿ ಪಡೆಯುವುದು ಹಕ್ಕು. ತನಗಿಂತ ಕೆಳಗಿರುವವನ ಪರವಾಗಿಯೂ ಅವನ್ನು ಕೇಳುವುದು ಕರ್ತವ್ಯ.